ನಾಲ್ಕು ವರ್ಷವೋ, ಹದಿನೇಳು ವರ್ಷವೋ: ಸಿಪಾಯಿ ನೌಕರಿಯ ಲೆಕ್ಕ

ಪ್ರಶ್ನೆ: ನಾನು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ನಮ್ಮ ತಂದೆ ಸೇನೆಯಲ್ಲಿ 24 ವರ್ಷ ಇದ್ದು ಹವಾಲ್ದಾರ್ ಆಗಿ ನಿವೃತ್ತರಾದವರು. ಅವರ ಪೆನ್ಶನ್ ಮೇಲೆಯೇ ನಾವು ಮೂವರು ಮಕ್ಕಳು ಓದಿದೆವು. ಈಗ ನನ್ನ ಮಗ ಅಗ್ನಿವೀರ್ (ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆ ಸೇರುವ ಸೈನಿಕ) ಆಗುತ್ತೇನೆ ಅಂತ ದಿನಾ ನಸುಕಿನಲ್ಲಿ ಎದ್ದು ಓಡುತ್ತಿದ್ದಾನೆ. ತಂದೆಗೆ ಇಷ್ಟ ಇಲ್ಲ. 'ನಾಲ್ಕು ವರ್ಷಕ್ಕೆ ಮನೆಗೆ ಕಳಿಸಿ ಪೆನ್ಶನ್ ಉಳಿಸೋ ಆಟ ಇದು' ಅನ್ನುತ್ತಾರೆ. ಇದು ನಿಜವಾ? ನಿಜವಾಗಿ ಅಷ್ಟು ದುಡ್ಡು ಉಳಿಯುತ್ತಾ? ಸೈನಿಕನ ಬಡ್ತಿ, ನಿವೃತ್ತಿ ಎಲ್ಲ ಹೇಗೆ ತೀರ್ಮಾನ ಆಗುತ್ತೆ? ಹುಡುಗನನ್ನು ಕಳಿಸಬಹುದಾ? ಅಜ್ಜ ಮಾಜಿ ಸೈನಿಕ ಅಂತ ಮೊಮ್ಮಗನಿಗೆ ಏನಾದರೂ ವಿನಾಯಿತಿ ಇದೆಯಾ?

ಉತ್ತರ: ಟೀಚರ್, ನಿಮ್ಮ ತಂದೆ ಹೇಳುತ್ತಿರುವುದು ಅರ್ಧ ನಿಜ. ಉಳಿದ ಅರ್ಧ ಹೇಳಬೇಕು ಅಂದರೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು.

ನಾನು ಸೇನೆಯ ಒಂದು ರೆಕಾರ್ಡ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದು, ಸುಬೇದಾರ್ ಆಗಿ ಹೊರಬಂದವನು. ಗಡಿಯಲ್ಲಿ ನಿಂತ ಕಥೆ ನನ್ನ ಹತ್ತಿರ ಕಡಿಮೆ. ಆದರೆ ಸಿಪಾಯಿಯೊಬ್ಬ ಸೇರಿದ ದಿನದಿಂದ ಅವನ ಹೆಂಡತಿಗೆ ಕುಟುಂಬ ಪಿಂಚಣಿ ಹೋಗುವ ದಿನದವರೆಗೆ, ಅವನ ಬದುಕು ಕಾಗದದ ಮೇಲೆ ಹೇಗೆ ಸಾಗುತ್ತೆ ಅಂತ ಸಾವಿರಾರು ಫೈಲುಗಳಲ್ಲಿ ನೋಡಿದ್ದೇನೆ. ರೆಕಾರ್ಡ್ ಆಫೀಸಿನ ಕೆಲಸವೇ ಅದು. ಯಾರು ಯಾವಾಗ ಸೇರಿದ, ಯಾರಿಗೆ ಯಾವಾಗ ಬಡ್ತಿ, ಯಾರು ಯಾವ ತಿಂಗಳ ಕೊನೆಗೆ ಮನೆಗೆ.

ಮೊದಲು ನಿಮ್ಮ ತಂದೆಯ ವಿಷಯ. ಅವರು 24 ವರ್ಷಕ್ಕೇ ಯಾಕೆ ಬಂದರು? ಸಾಕಾಯಿತು ಅಂತ ಬಂದದ್ದಲ್ಲ. ಹವಾಲ್ದಾರ್ ಹುದ್ದೆಗೆ ಸೇವಾ ಮಿತಿಯೇ 24. ಸಿಪಾಯಿಯಾಗಿಯೇ ಉಳಿದವನಿಗೆ 17, ನಾಯಕ್‌ಗೆ 22, ನಾಯಬ್ ಸುಬೇದಾರ್‌ಗೆ 26, ಸುಬೇದಾರ್‌ಗೆ 28. ಇದರ ಮೇಲೆ ಎರಡು ವರ್ಷ ವಿಸ್ತರಣೆ ಸಿಗಬಹುದು, ಅದಕ್ಕೆ ಆರೋಗ್ಯ, ನಡತೆ ಎಲ್ಲ ನೋಡಿ ಒಂದು ಸ್ಕ್ರೀನಿಂಗ್ ಆಗುತ್ತೆ. ಜೊತೆಗೆ ವಯಸ್ಸಿನ ಮಿತಿಯೂ ಇದೆ. ಅಂದರೆ ಸೇನೆಯಲ್ಲಿ 58 ಅಥವಾ 60ರ ತನಕ ಇರಬಹುದು ಅನ್ನುವುದು ಸಿಪಾಯಿಗೆ ಎಂದೂ ಇರಲಿಲ್ಲ. ಬಡ್ತಿ ಸಿಕ್ಕಿದರೆ ಇನ್ನಷ್ಟು ವರ್ಷ, ಸಿಗದಿದ್ದರೆ ಟ್ರಂಕು ಕಟ್ಟು.

ಹಾಗಾಗಿ ಸೈನಿಕನಿಗೆ ಬಡ್ತಿ ಅಂದರೆ ಬರೀ ತೋಳಿನ ಮೇಲಿನ ಪಟ್ಟಿ ಅಲ್ಲ, ಅದು ನೌಕರಿಯ ಆಯಸ್ಸು. ಬಡ್ತಿಗೆ ಕೇಡರ್ ಕೋರ್ಸ್ ಪಾಸಾಗಬೇಕು, ಓದಿನ ಪರೀಕ್ಷೆ ಇದೆ, ಆರೋಗ್ಯದಲ್ಲಿ ಶೇಪ್-1, ಅಂದರೆ ಪೂರ್ತಿ ಫಿಟ್ ಅನ್ನುವ ವರ್ಗದಲ್ಲಿ ಇರಬೇಕು, ಮೇಲಿನವರು ಬರೆಯುವ ವಾರ್ಷಿಕ ವರದಿ ಚೆನ್ನಾಗಿರಬೇಕು. ರೆಡ್ ಇಂಕ್ ಎಂಟ್ರಿ ಬಿದ್ದಿರಬಾರದು. ಗಂಭೀರ ಶಿಕ್ಷೆಗಳನ್ನು ಕೆಂಪು ಶಾಯಿಯಲ್ಲಿ ಬರೆಯುವ ಪದ್ಧತಿಯಿಂದ ಬಂದ ಹೆಸರು ಅದು. ಅಂಥವು ನಾಲ್ಕಾದರೆ ಮನೆಗೆ ಕಳಿಸುವ ವಿಚಾರಣೆಯೇ ಶುರುವಾಗಬಹುದು.

ಇಷ್ಟೆಲ್ಲ ಇದ್ದರೂ ಕೊನೆಗೆ ಒಂದು ಖಾಲಿ ಹುದ್ದೆ ಬೇಕು. ಇಲ್ಲೇ ಎಲ್ಲರ ಹೊಟ್ಟೆ ಉರಿಯುವುದು. ಸಿಪಾಯಿ, ನಾಯಕ್, ಹವಾಲ್ದಾರ್ ಇವರ ಜ್ಯೇಷ್ಠತೆಯ ಪಟ್ಟಿ ಇಡೀ ಸೇನೆಗೆ ಒಂದಲ್ಲ, ಅವರವರ ರೆಜಿಮೆಂಟಿಗೋ ಕೋರ್‌ಗೋ ಟ್ರೇಡ್‌ಗೋ (ಸೇನೆಯಲ್ಲಿ ಮಾಡುವ ಕೆಲಸದ ಬಗೆ) ಬೇರೆ ಬೇರೆ. ಒಂದೇ ಊರಿನ ಇಬ್ಬರು ಒಂದೇ ದಿನ ಒಂದೇ ರ‍್ಯಾಲಿಯಲ್ಲಿ ಆಯ್ಕೆಯಾಗಿ, ಒಬ್ಬ ಒಂದು ಟ್ರೇಡ್‌ಗೆ, ಇನ್ನೊಬ್ಬ ಇನ್ನೊಂದಕ್ಕೆ ಹೋದರು ಅಂತ ಇಟ್ಟುಕೊಳ್ಳಿ. ಮೊದಲಿನವನು ಸುಬೇದಾರ್ ಆಗಿ ಊರಿಗೆ ಬರಬಹುದು, ಎರಡನೆಯವನು ನಾಯಕ್ ಆಗಿಯೇ ಬರಬಹುದು. ಎರಡನೆಯವನು ದಡ್ಡ ಅಂತ ಅಲ್ಲ. ಅವನ ಮುಂದಿನ ಸಾಲು ಉದ್ದ ಇತ್ತು, ಅಷ್ಟೇ. ಅಂಥವರಿಗೆ ಉತ್ತರ ಬರೆಯುವುದೇ ನನ್ನ ಕೆಲಸದಲ್ಲಿ ಬೇಜಾರಿನ ಭಾಗ ಆಗಿತ್ತು. 'ನಿಮ್ಮ ರೋಸ್ಟರ್‌ನಲ್ಲಿ ಖಾಲಿ ಹುದ್ದೆ ಇಲ್ಲ' ಅನ್ನುವ ಒಂದು ಸಾಲಿನಲ್ಲಿ ಒಬ್ಬನ ಇಪ್ಪತ್ತು ವರ್ಷ ಮುಗಿದುಹೋಗುತ್ತಿತ್ತು.

ಈ ಬೇಗುದಿ ತಣ್ಣಗಾಗಲಿ ಅಂತಲೇ ಆರನೇ ವೇತನ ಆಯೋಗದ ನಂತರ ಎಂಎಸಿಪಿ ಅಂತ ಬಂತು. ಹುದ್ದೆ ಸಿಗದಿದ್ದರೂ 8, 16 ಮತ್ತು 24 ವರ್ಷಕ್ಕೆ ಸಂಬಳ ಒಂದೊಂದು ಹಂತ ಮೇಲೇರುತ್ತೆ. ಸಿವಿಲ್ ನೌಕರರಿಗೆ ಇದು 10, 20, 30 ವರ್ಷಕ್ಕೆ. ಸೈನಿಕ ಬೇಗ ಮನೆಗೆ ಹೋಗುತ್ತಾನಲ್ಲ, ಅದಕ್ಕೆ ಅವನಿಗೆ ಬೇಗ. ನ್ಯಾಯವಾದ ಏರ್ಪಾಡು. ಆದರೆ ಖರ್ಚಿನ ದೃಷ್ಟಿಯಿಂದ ನೋಡಿದರೆ ಹುದ್ದೆಗೂ ಸಂಬಳಕ್ಕೂ ಇದ್ದ ಗಂಟು ಇಲ್ಲಿ ಸಡಿಲವಾಯಿತು. ಮೇಲಿನ ಹುದ್ದೆ ಎಷ್ಟೇ ಕಡಿಮೆ ಇರಲಿ, ಸೇವೆ ಹಳತಾದಷ್ಟೂ ಸಂಬಳದ ಬಿಲ್ಲು ಏರುತ್ತದೆ.

ಇನ್ನು ಪೆನ್ಶನ್. ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗಿನವರಿಗೆ 15 ವರ್ಷ ಸೇವೆ ತುಂಬಿದರೆ ಪೂರ್ತಿ ಪೆನ್ಶನ್. ಅಧಿಕಾರಿಗಳಿಗೆ 20 ವರ್ಷ. 15 ತುಂಬದೆ ತಾನಾಗಿಯೇ ಬಿಟ್ಟು ಬಂದರೆ ಪೆನ್ಶನ್ ಇಲ್ಲ.

ನನಗೆ ಒಬ್ಬ ಸಿಪಾಯಿಯ ಅರ್ಜಿ ನೆನಪಿದೆ. ಹದಿಮೂರೂವರೆ ವರ್ಷ ಸೇವೆ ಆಗಿತ್ತು. ಊರಲ್ಲಿ ತಂದೆಗೆ ಲಕ್ವಾ ಹೊಡೆದಿತ್ತು, ಹೊಲ ನೋಡುವವರು ಇರಲಿಲ್ಲ, ಬಿಡುಗಡೆ ಕೊಡಿ ಅಂತ ಬರೆದಿದ್ದ. ನಾನು ಅವನ ಯೂನಿಟ್ಟಿನ ಹೆಡ್ ಕ್ಲರ್ಕ್‌ಗೆ ಫೋನ್ ಮಾಡಿ, 'ಅವನಿಗೆ ಕೂರಿಸಿ ಲೆಕ್ಕ ಹೇಳಿ, ಮುಂದಿನ ಒಂದೂವರೆ ವರ್ಷದ ಬೆಲೆ ಹಿಂದಿನ ಹದಿಮೂರೂವರೆಗಿಂತ ಜಾಸ್ತಿ' ಅಂದೆ. ಅವನು ಅರ್ಜಿ ವಾಪಸ್ ತೆಗೆದುಕೊಂಡ. ಪೆನ್ಶನ್ ಸಿಕ್ಕಿತು. ಆದರೆ ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರು, ಅವನು ಹತ್ತಿರ ಇರಲಿಲ್ಲ. ಲೆಕ್ಕ ಸರಿ ಇತ್ತು. ಅವನಿಗೆ ಫೋನ್ ಮಾಡಿ ಮಾತನಾಡಿಸುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಆ 15 ವರ್ಷದ ಗೆರೆ ಮಾಡುವ ಕೆಲಸ ಇದು. ಗೆರೆ ಮುಟ್ಟುವ ತನಕ ಯಾರೂ ಕದಲುವುದಿಲ್ಲ, ಮನಸ್ಸಿಲ್ಲದವನೂ ಹಲ್ಲು ಕಚ್ಚಿ ಇರುತ್ತಾನೆ. ಗೆರೆ ದಾಟಿದ ಮೇಲೆ ಚುರುಕಾದವನು ಹೊರಗೆ ನೋಡಲು ಶುರುಮಾಡುತ್ತಾನೆ. ಬ್ಯಾಂಕಿನ ಗಾರ್ಡ್ ಕೆಲಸ, ಸೇನೆಯ ನೆಲೆಗಳನ್ನು ಕಾಯುವ ಡಿಫೆನ್ಸ್ ಸೆಕ್ಯುರಿಟಿ ಕೋರ್, ರಾಜ್ಯ ಸರ್ಕಾರದ ಮೀಸಲಾತಿ. ಅಂದರೆ ಯಾವನು ಯಾವಾಗ ಸೇನೆಗೆ ಬೇಕು ಅನ್ನುವುದನ್ನು ಸೇನೆಯ ಅಗತ್ಯಕ್ಕಿಂತ ಪೆನ್ಶನ್ ನಿಯಮವೇ ಜಾಸ್ತಿ ತೀರ್ಮಾನ ಮಾಡುತ್ತಿತ್ತು. ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಸೇನೆಯಲ್ಲಿ ಈ ಗೆರೆ 20 ವರ್ಷಕ್ಕೆ ಇತ್ತು. ಸೇರಿದ ಹತ್ತರಲ್ಲಿ ಎಂಟು ಜನ ಅಲ್ಲಿಗೆ ಮುಟ್ಟದೆ, ನಿವೃತ್ತಿ ಹಣ ಒಂದು ಡಾಲರೂ ಇಲ್ಲದೆ ಹೊರಬರುತ್ತಿದ್ದರು. ಅವರು 2018ರ ಜನವರಿಯಿಂದ ವ್ಯವಸ್ಥೆ ಬದಲಿಸಿದರು. 20 ವರ್ಷದ ಪೆನ್ಶನ್ ಸ್ವಲ್ಪ ಇಳಿಸಿ, ಮಧ್ಯದಲ್ಲಿ ಬಿಟ್ಟುಹೋಗುವವನ ಖಾತೆಗೂ ಸರ್ಕಾರ ಪಾಲು ಹಾಕುವ ಹಾಗೆ ಮಾಡಿದರು. ನಡುವಿನ ವರ್ಷಗಳಲ್ಲಿ ಉಳಿಯುವವನಿಗೆ ಒಂದು ಇಡಿಗಂಟು ಕೂಡ ಇದೆ. ಅವರ ಸೇನೆಯನ್ನು ಹೊಗಳಲು ಹೇಳುತ್ತಿಲ್ಲ, ಈ ಮಧ್ಯದ ವರ್ಷಗಳ ಮಾತು ಮುಂದೆ ಬೇಕಾಗುತ್ತೆ.

ಈಗ ಒಬ್ಬ ಸಿಪಾಯಿಯ ಲೆಕ್ಕ ಹಾಕೋಣ. ಏಳನೇ ವೇತನ ಆಯೋಗದ ಪ್ರಕಾರ ಸಿಪಾಯಿ ಸೇರುವಾಗ ಮೂಲ ವೇತನ 21,700 ರೂಪಾಯಿ, ಜೊತೆಗೆ ಮಿಲಿಟರಿ ಸರ್ವಿಸ್ ಪೇ 5,200. ವರ್ಷಕ್ಕೆ ಶೇ 3 ಏರಿಕೆ, ಎರಡು ಎಂಎಸಿಪಿ. 17 ವರ್ಷ ಮುಗಿಸಿ 37ರ ವಯಸ್ಸಿಗೆ ಬರುವಾಗ ಮೂಲ ವೇತನ ಸುಮಾರು 38,000 ಆಗಿರುತ್ತೆ. 5,200 ಸೇರಿಸಿ 43,200. ಅದರ ಅರ್ಧ 21,600 ಪೆನ್ಶನ್. 2025ರ ಎರಡನೇ ಅರ್ಧದ ಶೇ 58 ತುಟ್ಟಿಭತ್ಯೆ ಸೇರಿದರೆ ತಿಂಗಳಿಗೆ 34,000 ದಾಟುತ್ತೆ. ಅವನು 75ರ ತನಕ ಬದುಕಿದರೆ ದುಡಿದದ್ದು 17 ವರ್ಷ, ಪೆನ್ಶನ್ ಪಡೆದದ್ದು 38 ವರ್ಷ. ಆಮೇಲೆ ಹೆಂಡತಿಗೆ ಕುಟುಂಬ ಪಿಂಚಣಿ. ವೈದ್ಯಕೀಯ ಖರ್ಚು ಬೇರೆ. ಮೇಲಾಗಿ ಒಂದು ಹುದ್ದೆಗೆ ಒಂದೇ ಪಿಂಚಣಿ ಯೋಜನೆ 2014ರ ಜುಲೈ 1ರಿಂದ ಜಾರಿಯಾಗಿ, ಐದು ವರ್ಷಕ್ಕೊಮ್ಮೆ, ಅಂದರೆ 2019ರಲ್ಲಿ ಮತ್ತು 2024ರಲ್ಲಿ, ಹಳಬರ ಪೆನ್ಶನ್ನೂ ಹೊಸಬರ ಮಟ್ಟಕ್ಕೆ ಏರಿತು.

ಇದರಲ್ಲಿ ಸೈನಿಕನ ತಪ್ಪೇನೂ ಇಲ್ಲ. ಸಿವಿಲ್ ನೌಕರ 60ರ ತನಕ ಸಂಬಳ ತೆಗೆದುಕೊಳ್ಳುತ್ತಾನೆ. ಇವನನ್ನು 37ಕ್ಕೆ, ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿ ಇರುವಾಗ ಮನೆಗೆ ಕಳಿಸುತ್ತೇವೆ. ಪೆನ್ಶನ್ ಅನ್ನುವುದು ಬೇಗ ಕಳಿಸಿದ್ದರ ಬೆಲೆ. ನಿಮ್ಮ ಮೂವರ ಓದು ಆ ಬೆಲೆಯಲ್ಲೇ ಆದದ್ದು.

ಆದರೆ ಒಟ್ಟು ಮೊತ್ತ ದೊಡ್ಡದಾಯಿತು. 2015-16ರಲ್ಲಿ ರಕ್ಷಣಾ ಪಿಂಚಣಿ ಸುಮಾರು 60,000 ಕೋಟಿ ಇತ್ತು. 2025-26ರ ಬಜೆಟ್ಟಿನಲ್ಲಿ 1,60,795 ಕೋಟಿ. ಅದೇ ವರ್ಷ ವಿಮಾನ, ಹಡಗು, ಫಿರಂಗಿ ಎಲ್ಲ ಕೊಳ್ಳಲು ಇಟ್ಟ ಬಂಡವಾಳದ ಹಣ 1,80,000 ಕೋಟಿ. ಎರಡೂ ಹೆಚ್ಚು ಕಡಿಮೆ ಸಮಸಮ. ಒಟ್ಟು ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ. ನಿಮ್ಮ ತಂದೆಗೆ ಇದನ್ನು ತೋರಿಸುವಾಗ ಒಂದು ಮಾತು ಸೇರಿಸಿ, ಅವರಿಗೆ ಸಮಾಧಾನ ಆಗುತ್ತೆ. ಈ ಪೆನ್ಶನ್ ಮೊತ್ತದಲ್ಲಿ ಸಮವಸ್ತ್ರ ಹಾಕದ ರಕ್ಷಣಾ ಇಲಾಖೆಯ ಸಿವಿಲ್ ನೌಕರರ ಪಾಲೂ ಇದೆ. ಟಿವಿ ಚರ್ಚೆಯಲ್ಲಿ ಎಲ್ಲವನ್ನೂ ಸುಮ್ನೆ ಸಿಪಾಯಿಯ ತಲೆಗೆ ಕಟ್ಟುತ್ತಾರೆ. 2004ರ ಜನವರಿ 1ರ ನಂತರ ಸೇರಿದ ಸಿವಿಲ್ ನೌಕರರು ಹೊಸ ಪಿಂಚಣಿ ಯೋಜನೆಗೆ ಹೋದರು, ಮೂರೂ ಸೇನೆಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. 2025ರ ಅಕ್ಟೋಬರ್‌ನಲ್ಲಿ ಎಂಟನೇ ವೇತನ ಆಯೋಗಕ್ಕೆ ಕೊಟ್ಟ ಸೂಚನೆಗಳಲ್ಲೂ, ನೌಕರರ ವಂತಿಗೆ ಇಲ್ಲದ ಪೆನ್ಶನ್‌ನ ಹೊರೆಯನ್ನು ಗಮನದಲ್ಲಿ ಇಟ್ಟುಕೊಳ್ಳಿ ಅನ್ನುವ ಮಾತಿದೆ.

ಹೀಗಿರುವಾಗ 2022ರ ಜೂನ್ 14ಕ್ಕೆ ಅಗ್ನಿಪಥ ಬಂತು. ಹದಿನೇಳೂವರೆಯಿಂದ 21 ವಯಸ್ಸಿನವರು, ನಾಲ್ಕು ವರ್ಷ, ಆಮೇಲೆ ಶೇ 25ರವರೆಗೆ ಮಾತ್ರ ಕಾಯಂ, ಅವರಿಗೆ ಇನ್ನೂ ಕನಿಷ್ಠ 15 ವರ್ಷ. ಉಳಿದವರಿಗೆ ಸೇವಾ ನಿಧಿ ಅನ್ನುವ ಇಡಿಗಂಟು ಕೊಟ್ಟು ಬೀಳ್ಕೊಡುಗೆ. ಪೆನ್ಶನ್ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕ ಅನ್ನುವ ಸ್ಥಾನಮಾನವೂ ಇಲ್ಲ.

ಇಲ್ಲಿಗೆ ನಿಮ್ಮ ತಂದೆಯ ಮಾತಿಗೆ ಬಂದೆವು. ಇದರಿಂದ ದುಡ್ಡು ಉಳಿಯುತ್ತಾ?

ಈಗಂತೂ ಉಳಿಯುತ್ತಿಲ್ಲ. ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000. ಅದರಲ್ಲಿ 9,000 ಸೇವಾ ನಿಧಿಗೆ ಕಡಿತ, ಸರ್ಕಾರವೂ ಅಷ್ಟೇ 9,000 ಹಾಕುತ್ತೆ. ಅಂದರೆ ಸರ್ಕಾರಕ್ಕೆ ಖರ್ಚು 39,000. ಯೋಜನೆ ಬಂದಾಗ ತುಟ್ಟಿಭತ್ಯೆ ಶೇ 34 ಇತ್ತು. ಹಳೆ ಪದ್ಧತಿಯಲ್ಲಿ ಸೇರಿದ ಹೊಸ ಸಿಪಾಯಿಗೆ 26,900ರ ಮೇಲೆ ಶೇ 34 ಸೇರಿ ಸುಮಾರು 36,000 ಆಗುತ್ತಿತ್ತು, ಇತರ ಭತ್ಯೆ ಬೇರೆ. ನಾಲ್ಕನೇ ವರ್ಷದಲ್ಲಿ ಅಗ್ನಿವೀರನಿಗೆ 40,000, ಸರ್ಕಾರದ ಪಾಲು 12,000, ಒಟ್ಟು 52,000. ಅದೇ ವರ್ಷದ ಹಳೆ ಪದ್ಧತಿಯ ಸಿಪಾಯಿಗೆ ಶೇ 58 ತುಟ್ಟಿಭತ್ಯೆ ಸೇರಿಸಿದರೂ ಸುಮಾರು 45,800. ಅಗ್ನಿವೀರನಿಗೆ ತುಟ್ಟಿಭತ್ಯೆಯೂ ಇಲ್ಲ, ಮಿಲಿಟರಿ ಸರ್ವಿಸ್ ಪೇಯೂ ಇಲ್ಲ, ಆದರೂ ನಾಲ್ಕು ವರ್ಷದ ಮಟ್ಟಿಗೆ ಅವನು ಸರ್ಕಾರಕ್ಕೆ ಅಗ್ಗ ಅಲ್ಲ.

ಹಾಗಾದರೆ ಉಳಿತಾಯ ಎಲ್ಲಿ? ಪೂರ್ತಿ ಪೆನ್ಶನ್‌ನಲ್ಲಿ. ಅದು ಕಾಣಿಸುವುದು ಯಾವಾಗ? 2022ರಲ್ಲಿ ಹಳೆ ಪದ್ಧತಿಯಲ್ಲಿ ಸೇರಿದ್ದರೆ ಆ ಹುಡುಗನಿಗೆ ಪೆನ್ಶನ್ ಶುರುವಾಗುತ್ತಿದ್ದದ್ದೇ 2039ರ ಸುಮಾರಿಗೆ. ಅಲ್ಲಿಯ ತನಕ ನಿವೃತ್ತರಾಗುವ ಸಿಪಾಯಿಗಳೆಲ್ಲ ಹಳೆ ಪದ್ಧತಿಯಲ್ಲೇ ಸೇರಿದವರು. ಅವರ ಪೆನ್ಶನ್ ಒಂದು ರೂಪಾಯಿ ಕೂಡ ಕಡಿಮೆ ಆಗುವುದಿಲ್ಲ. 'ಅಗ್ನಿಪಥದಿಂದ ಉಳಿದ ಹಣದಲ್ಲಿ ವಿಮಾನ ಕೊಂಡರು' ಅಂತ ಇವತ್ತು ಯಾರಾದರೂ ಹೇಳಿದರೆ ನಂಬಬೇಡಿ. ಮಾವಿನ ಸಸಿ ನೆಟ್ಟ ವರ್ಷವೇ ಹಣ್ಣು ಮಾರಿದೆ ಅಂದ ಹಾಗೆ ಅದು.

ಹಾಗಂತ ಪೆನ್ಶನ್ ಒಂದೇ ಕಾರಣ ಅಂದರೂ ತಪ್ಪಾಗುತ್ತೆ. ಸೇನೆಗೆ ವಯಸ್ಸಿನ ಚಿಂತೆ ಹಳೆಯದು. 1976ಕ್ಕಿಂತ ಮೊದಲು ಸಿಪಾಯಿಯ ಸಕ್ರಿಯ ಸೇವೆ ಏಳು ವರ್ಷದ ಸುಮಾರಿಗೆ ಮುಗಿಯುತ್ತಿತ್ತು, ಆಮೇಲೆ ಮೀಸಲು ಪಡೆ. ನಮ್ಮ ಕಡೆ ಹಳ್ಳಿಗಳಲ್ಲಿ 1965, 1971ರ ಯುದ್ಧ ನೋಡಿ ಬಂದು ಮತ್ತೆ ಒಕ್ಕಲುತನಕ್ಕೆ ಕೂತ ಅಜ್ಜಂದಿರು ಇದ್ದರಲ್ಲ, ಹೆಚ್ಚಿನವರು ಹಾಗೆ ಬಂದವರು. ಅದು ಅನ್ಯಾಯ, ಹರೆಯ ಹಿಂಡಿಕೊಂಡು ಮನೆಗೆ ಕಳಿಸುತ್ತಾರೆ ಅನ್ನುವ ಕೂಗಿಗೆ 1976ರಲ್ಲಿ ಸೇವೆ ಉದ್ದವಾಯಿತು. ಸಿಪಾಯಿಗೆ ಪೆನ್ಶನ್ ಖಾತ್ರಿಯಾಯಿತು. ಸೇನೆಗೆ ವಯಸ್ಸಾಯಿತು. 1999ರ ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಅವರ ನೇತೃತ್ವದ ಪರಿಶೀಲನಾ ಸಮಿತಿ, ಆ ಎತ್ತರದ ಬೆಟ್ಟ ಹತ್ತಲು ಎಳೆ ಮೈ ಬೇಕು, ಸೇವೆಯನ್ನು 17ರಿಂದ ಮತ್ತೆ ಏಳರಿಂದ ಹತ್ತು ವರ್ಷಕ್ಕೆ ಇಳಿಸಿ ಅಂದಿತು. ಅಗ್ನಿಪಥ ತಂದಾಗಲೂ ಸೇನೆಯ ಸರಾಸರಿ ವಯಸ್ಸು 32ರಿಂದ 26ಕ್ಕೆ ಇಳಿಯುತ್ತೆ ಅಂತ ಹೇಳಿದ್ದರು.

ಆದರೆ ಕಾರ್ಗಿಲ್ ಸಮಿತಿ ಅಲ್ಲಿಗೆ ನಿಲ್ಲಿಸಲಿಲ್ಲ. ಹಾಗೆ ಬಿಡುಗಡೆ ಆದವರನ್ನು ಅರೆಸೇನಾ ಪಡೆಗಳಿಗೆ ಕಳಿಸಿ ಅಂತಲೂ ಹೇಳಿತ್ತು. ಆರನೇ ವೇತನ ಆಯೋಗವೂ ಇದನ್ನೇ ಹೇಳಿತು. ನೋಡಿ, ಎಷ್ಟು ಸರಳ ಉಪಾಯ. ಹುಡುಗ ಏಳೆಂಟು ವರ್ಷ ಸೇನೆಯಲ್ಲಿ, ಆಮೇಲೆ ಅದೇ ಸೇವೆ ಮುಂದುವರಿದು ಗಡಿ ಭದ್ರತಾ ಪಡೆಯಲ್ಲೋ ಕೇಂದ್ರ ಮೀಸಲು ಪೊಲೀಸ್ ಪಡೆಯಲ್ಲೋ ನಿವೃತ್ತಿಯ ತನಕ. ಸೇನೆಗೆ ಎಳೆ ಹುಡುಗರು, ಅರೆಸೇನೆಗೆ ತರಬೇತಿ ಆದವರು, ಬೊಕ್ಕಸಕ್ಕೆ 37ರಿಂದಲೇ ಪೆನ್ಶನ್ ಕೊಡುವ ತಾಪತ್ರಯ ಇಲ್ಲ, ಹುಡುಗನಿಗೆ 60ರ ತನಕ ಸಂಬಳ. ಆದರೆ ಸೇನೆ, ಅರೆಸೇನೆ ಎರಡೂ ಬೇರೆ ಬೇರೆ ಸಚಿವಾಲಯದ ಕೆಳಗೆ ಇವೆ, ಅವರವರ ನೇಮಕಾತಿ, ಅವರವರ ಜ್ಯೇಷ್ಠತೆ ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ. ನನ್ನ ಸೇವೆಯ ಉದ್ದಕ್ಕೂ ಈ ಪ್ರಸ್ತಾಪ ಫೈಲಿನಿಂದ ಫೈಲಿಗೆ ಓಡಾಡಿದ ಸುದ್ದಿ ಕೇಳಿದೆ. ಅಗ್ನಿಪಥದಲ್ಲಿ ಅದರ ಒಂದು ತುಣುಕು ಬಂದಿದೆ. 2022ರಲ್ಲಿ ಹೇಳಿದ್ದು ಅರೆಸೇನಾ ಪಡೆಗಳಲ್ಲಿ ಶೇ 10 ಮೀಸಲಾತಿ, ವಯಸ್ಸಿನಲ್ಲಿ ಮೂರು ವರ್ಷ ಸಡಿಲಿಕೆ, ಮೊದಲ ತಂಡಕ್ಕೆ ಐದು ವರ್ಷ. ಗಡಿ ಭದ್ರತಾ ಪಡೆಯಲ್ಲಿ 2025ರ ಡಿಸೆಂಬರ್‌ನಲ್ಲಿ ಮೀಸಲಾತಿಯನ್ನು ಶೇ 50ಕ್ಕೆ ಏರಿಸಿದರು. ಮೀಸಲಾತಿ ಇದೆ ಅಂದರೆ ಮತ್ತೆ ಅರ್ಜಿ, ಮತ್ತೆ ಸಾಲು. ಸೇವೆ ಮುಂದುವರಿಯುವುದು ಬೇರೆ, ಇದು ಬೇರೆ.

ಇನ್ನೊಂದು ಗುಣಾಕಾರ ಹೇಳುತ್ತೇನೆ, ನೀವು ಟೀಚರ್ ಆದ್ದರಿಂದ ಬೇಜಾರಾಗಲಿಕ್ಕಿಲ್ಲ. ಲೆಕ್ಕ ಸುಲಭವಾಗಲಿ ಅಂತ ಸೈನಿಕರು 12 ಲಕ್ಷ ಅಂದುಕೊಳ್ಳಿ. ಒಬ್ಬೊಬ್ಬ ಸರಾಸರಿ 20 ವರ್ಷ ಇದ್ದರೆ ವರ್ಷಕ್ಕೆ 60,000 ಹೊಸಬರು ಸಾಕು. ಈಗ ನೂರರಲ್ಲಿ 75 ಜನ ನಾಲ್ಕು ವರ್ಷ, 25 ಜನ 19 ವರ್ಷ ಇರುತ್ತಾರೆ ಅಂದರೆ ಸರಾಸರಿ ಏಳೂಮುಕ್ಕಾಲು ವರ್ಷ. ಆಗ ಅಷ್ಟೇ ದೊಡ್ಡ ಸೇನೆ ಇಟ್ಟುಕೊಳ್ಳಲು ವರ್ಷಕ್ಕೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಹುಡುಗರು ಬೇಕು. ಮೊದಲ ವರ್ಷ ತೆಗೆದುಕೊಂಡದ್ದು 46,000. ಮುಂದೆ ಇದನ್ನು 1.25 ಲಕ್ಷದವರೆಗೆ ಏರಿಸುತ್ತೇವೆ ಅಂತ 2022ರಲ್ಲೇ ಹಿರಿಯ ಅಧಿಕಾರಿಗಳು ಹೇಳಿದ್ದರು. ಅಷ್ಟು ಜನರಿಗೆ ಬೆಳಗಾವಿಯ ಮರಾಠಾ ಸೆಂಟರ್, ಬೆಂಗಳೂರಿನ ಎಂಇಜಿ ಸೆಂಟರ್ ತರಹದ ತರಬೇತಿ ಕೇಂದ್ರಗಳಲ್ಲಿ ಬ್ಯಾರಕ್ಕು ಬೇಕು, ಉಸ್ತಾದರು ಬೇಕು, ಗುಂಡು ಬೇಕು. ಇಲ್ಲದಿದ್ದರೆ ಸೇನೆ ಚಿಕ್ಕದಾಗಬೇಕು. ಅದೂ ಬೇಡ ಅಂದರೆ ಶೇ 25ನ್ನು ಏರಿಸಬೇಕು. ಅರ್ಧದಷ್ಟು ಜನರನ್ನು ಉಳಿಸಿಕೊಂಡರೆ ವರ್ಷಕ್ಕೆ ಒಂದು ಲಕ್ಷದ ಆಸುಪಾಸು ಸಾಕಾಗುತ್ತೆ. ಏರಿಸಿ ಅನ್ನುವ ಮಾತು ಮೊದಲ ದಿನದಿಂದ ಕೇಳುತ್ತಲೇ ಇದೆ. ಅದಕ್ಕೆ ಒತ್ತಡ ಹುಡುಗರ ಮೇಲಿನ ಕನಿಕರದಿಂದ ಬರುವುದಿಲ್ಲ, ಈ ಗುಣಾಕಾರದಿಂದ ಬರುತ್ತೆ.

ತಾಂತ್ರಿಕ ಕೆಲಸಗಳಲ್ಲಿ ತೊಂದರೆ ಇನ್ನೂ ಜಾಸ್ತಿ. ರೈಫಲ್ ಹಿಡಿಯುವುದನ್ನು 31 ವಾರದ ತರಬೇತಿಯಲ್ಲಿ ಕಲಿಸಬಹುದು. ಟ್ಯಾಂಕಿನ ಎಂಜಿನ್ ಬಿಚ್ಚಿ ಜೋಡಿಸುವವನು, ರಡಾರ್ ರಿಪೇರಿ ಮಾಡುವವನು ಪಳಗಲು ವರ್ಷಗಳು ಬೇಕು. ಅವನು ಕೈ ಕುದುರುವ ಹೊತ್ತಿಗೆ ನಾಲ್ಕು ವರ್ಷ ಮುಗಿದಿರುತ್ತೆ. ಅಮೆರಿಕದವರು ಇಂಥ ಕಡೆ, ಯಾವ ಟ್ರೇಡ್‌ನಲ್ಲಿ ಜನ ಕಡಿಮೆ ಇದ್ದಾರೋ ಅವರಿಗೆ ಮಾತ್ರ ಮತ್ತೆ ಸಹಿ ಹಾಕಿದರೆ ಬೋನಸ್ ಕೊಟ್ಟು ಉಳಿಸಿಕೊಳ್ಳುತ್ತಾರೆ. ನಮ್ಮಲ್ಲಿ ಅಡುಗೆಯವನಿಗೂ ರಡಾರ್‌ನವನಿಗೂ ಅಗ್ನಿವೀರ್ ಸಂಬಳ ಒಂದೇ. ನನ್ನನ್ನು ಕೇಳಿದರೆ ಈ ಯೋಜನೆಯ ದೊಡ್ಡ ಕೊರತೆ ನಾಲ್ಕು ವರ್ಷ ಅನ್ನುವುದಲ್ಲ. ಎಲ್ಲರಿಗೂ ಒಂದೇ ನಾಲ್ಕು ವರ್ಷ, ಆಮೇಲೆ ಒಂದೇ ಸಲಕ್ಕೆ 15 ವರ್ಷ ಅನ್ನುವುದು. ನಡುವೆ ಏಳು, ಎಂಟು, ಹತ್ತು ವರ್ಷದ ಮೆಟ್ಟಿಲೇ ಇಲ್ಲ. ಅಷ್ಟು ದಿನ ಇದ್ದವನಿಗೆ ಅಷ್ಟಕ್ಕೆ ತಕ್ಕ ಗಂಟು ಕೊಟ್ಟರೆ ಸೇನೆಗೂ ಅನುಭವ ಉಳಿಯುತ್ತೆ, ಬೊಕ್ಕಸವೂ ಮುಳುಗುವುದಿಲ್ಲ.

ಈಗ ಮಗನ ವಿಷಯ. ನಾಲ್ಕು ವರ್ಷದಲ್ಲಿ ಕೈಗೆ ಬರುವ ಸಂಬಳ, 21,000ದಿಂದ ಶುರುವಾಗಿ 28,000ದ ತನಕ, ಎಲ್ಲ ಸೇರಿ 11.72 ಲಕ್ಷ. ಊಟ, ವಸತಿ ಅಲ್ಲೇ ಆದ್ದರಿಂದ ಹುಡುಗ ಹಿಡಿತದವನಾದರೆ ಇದರಲ್ಲಿ ಬಹುಪಾಲು ಉಳಿಸಬಹುದು. ಹೊರಬರುವಾಗ ಸೇವಾ ನಿಧಿ ಬಡ್ಡಿ ಸೇರಿ ಸುಮಾರು 11.71 ಲಕ್ಷ, ಅದಕ್ಕೆ ಆದಾಯ ತೆರಿಗೆ ಇಲ್ಲ. ಕಾಯಂ ಆದವನಿಗೆ ಸರ್ಕಾರದ ಪಾಲು ಸಿಗುವುದಿಲ್ಲ, ತಾನು ಹಾಕಿದ 5.02 ಲಕ್ಷ ಮತ್ತು ಬಡ್ಡಿ ಮಾತ್ರ. ಇದು ಹಲವರಿಗೆ ಗೊತ್ತಿಲ್ಲ, ಆಮೇಲೆ ಮೋಸ ಆಯಿತು ಅನ್ನುತ್ತಾರೆ.

ತಾಯಿಗೆ ಹೇಳಲು ಕಷ್ಟ, ಆದರೂ ಗೊತ್ತಿರಬೇಕು. ಸೇವೆಯಲ್ಲಿ ಪ್ರಾಣ ಹೋದರೆ 48 ಲಕ್ಷ ವಿಮೆ ಇದೆ. ಸಾವಿಗೆ ಸೇವೆಯೇ ಕಾರಣ ಅಂತಾದರೆ ಇನ್ನೂ 44 ಲಕ್ಷ, ಜೊತೆಗೆ ಉಳಿದ ಅವಧಿಯ ಸಂಬಳ ಮತ್ತು ಸೇವಾ ನಿಧಿ. ಕಾಯಂ ಸೈನಿಕನ ಮನೆಯವರಿಗೆ ಸಿಗುವ ತಿಂಗಳ ಪಿಂಚಣಿ ಮಾತ್ರ ಇಲ್ಲ. ಸೇವೆಯಿಂದಾಗಿ ಅಂಗವಿಕಲನಾದರೆ ಪ್ರಮಾಣ ನೋಡಿ 15, 25 ಅಥವಾ 44 ಲಕ್ಷ ಇಡಿಗಂಟು, ಅದಕ್ಕೂ ತಿಂಗಳ ಪೆನ್ಶನ್ ಇಲ್ಲ. ಇಡಿಗಂಟು ದೊಡ್ಡದಾಗಿ ಕಾಣುತ್ತೆ. ಆದರೆ 22 ವರ್ಷದವನಿಗೆ ಮುಂದೆ ಐವತ್ತು ವರ್ಷ ಇರುತ್ತಲ್ವಾ? ಇದೊಂದು ನಿಯಮ ಬದಲಾಗಲೇಬೇಕು ಅಂತ ನನ್ನ ಅಭಿಪ್ರಾಯ. ಇದರಿಂದ ಉಳಿಯುವ ಹಣ ಬಜೆಟ್ಟಿನಲ್ಲಿ ಕಣ್ಣಿಗೂ ಕಾಣದಷ್ಟು.

ಕಳಿಸಬಹುದಾ ಅಂತ ಕೇಳಿದಿರಿ. ಅವನಿಗೆ ಈಗ ಹದಿನೆಂಟೋ ಹತ್ತೊಂಬತ್ತೋ ಆಗಿದ್ದರೆ, ಕೈಯಲ್ಲಿ ಬೇರೆ ಒಳ್ಳೆ ಓದಿನ ದಾರಿ ಇಲ್ಲದಿದ್ದರೆ, ಮನಸ್ಸು ಗಟ್ಟಿ ಇದ್ದರೆ ಕಳಿಸಿ. ಎಂಜಿನಿಯರಿಂಗ್ ಸೀಟೋ ಡಿಪ್ಲೊಮಾವೋ ಕೈಯಲ್ಲಿದ್ದು ಬಿಟ್ಟು ಹೋಗುತ್ತೇನೆ ಅಂದರೆ ತಡೆಯಿರಿ. ಹೊರಬರುವಾಗ ವಯಸ್ಸು 23 ಇರುತ್ತೆ, ಆಗ ಕೈಯಲ್ಲಿ ಡಿಗ್ರಿ ಇಲ್ಲದಿದ್ದರೆ 11 ಲಕ್ಷ ಕರಗಲು ಎರಡು ವರ್ಷ ಸಾಕು. ಅದಕ್ಕೇ ಹೋಗುವಾಗಲೇ ಹೇಳಿಬಿಡಿ. ಅಗ್ನಿವೀರರಿಗೆ ಅಂತಲೇ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಮೂರು ವರ್ಷದ ಪದವಿ ಇಟ್ಟಿದೆ, ಸೇನೆಯ ತರಬೇತಿಗೇ ಅದರಲ್ಲಿ ಅರ್ಧ ಅಂಕ ಸಿಗುತ್ತೆ. ಹತ್ತನೇ ತರಗತಿ ಮಾತ್ರ ಆದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯಿಂದ ಪಿಯುಸಿಗೆ ಸಮನಾದ ಸರ್ಟಿಫಿಕೇಟ್ ಪಡೆಯುವ ದಾರಿ ಇದೆ. ನಿವೃತ್ತಿಯ ಮೊದಲು ಓದಿಕೊಳ್ಳುತ್ತೇನೆ ಅಂದವರನ್ನು ಬಹಳ ನೋಡಿದ್ದೇನೆ. ಮೊದಲ ವರ್ಷವೇ ಹೆಸರು ಹಚ್ಚಿದವನು ಮಾತ್ರ ಮುಗಿಸುತ್ತಾನೆ.

ಆ ಶೇ 25ಕ್ಕೆ ಯಾರು ಬರುತ್ತಾರೆ ಅನ್ನುವುದು ಕೊನೆಯ ತಿಂಗಳ ಪರೀಕ್ಷೆಯಲ್ಲಿ ತೀರ್ಮಾನ ಆಗುವುದಲ್ಲ. ನಾಲ್ಕು ವರ್ಷದ ಓಟ, ಗುರಿ, ನಡತೆ, ಮೇಲಿನವರ ಅಭಿಪ್ರಾಯ ಎಲ್ಲ ಮೊದಲಿನಿಂದಲೇ ದಾಖಲಾಗುತ್ತ ಹೋಗುತ್ತೆ. ಮೊದಲ ತಂಡಗಳಿಗೆ ಇದರ ಫಲ ಗೊತ್ತಾಗುವುದು 2026ರ ಕೊನೆಗೆ, 2027ರ ಆರಂಭಕ್ಕೆ. 'ಸಾಹೇಬರಿಗೆ ಹೇಳಿಸ್ತೀನಿ' ಅಂತ ದುಡ್ಡು ಕೇಳುವ ಏಜೆಂಟರು ಆ ಹೊತ್ತಿಗೆ ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಹುಟ್ಟಿಕೊಳ್ಳುತ್ತಾರೆ. ಒಂದು ರೂಪಾಯಿ ಕೊಡಬೇಡಿ.

ಇನ್ನು ಅಜ್ಜನ ವಿನಾಯಿತಿ. ಮಾಜಿ ಸೈನಿಕನ ಮಗನಿಗೆ ಇದೆ, ಮೊಮ್ಮಗನಿಗೆ ಇಲ್ಲ. ಹಾಗಂತ ಅಜ್ಜನಿಂದ ಉಪಯೋಗ ಇಲ್ಲ ಅಂತ ಅಲ್ಲ. ಒಂದು ದಿನ ಅವರ ಡಿಸ್ಚಾರ್ಜ್ ಬುಕ್ಕು ಮುಂದಿಟ್ಟುಕೊಂಡು ಇಬ್ಬರನ್ನೂ ಕೂರಿಸಿ. ಹುಡುಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ ಎಲ್ಲದರಲ್ಲೂ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಒಂದೇ ತರಹ ಇದೆಯಾ ಅಂತ ಅಕ್ಷರ ಅಕ್ಷರ ನೋಡಲು ಹೇಳಿ. ಅಡ್ಡಹೆಸರು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ನಮ್ಮ ಬೆಳಗಾವಿ ಕಡೆ ಬಹಳ. ಹುದ್ದೆ ಖಾಲಿ ಇಲ್ಲದೆ ಅಳುವವರಿಗೆ ಉತ್ತರ ಬರೆದಷ್ಟೇ ಪತ್ರಗಳನ್ನು ನಾನು ಈ ಒಂದು ಅಕ್ಷರದ ತಪ್ಪಿಗೂ ಬರೆದಿದ್ದೇನೆ. ರ‍್ಯಾಲಿಗೆ ಹೋಗುವ ಮೊದಲು ತಿದ್ದಿಸಿಕೊಂಡರೆ ಒಂದು ವಾರದ ಓಡಾಟ, ಸೇರಿದ ಮೇಲೆ ತಿದ್ದಿಸುವುದಾದರೆ ವರ್ಷಗಟ್ಟಲೆ.